ಇಸ್ಲಾಂ ಮತದಲ್ಲಿ ಪಶ್ಚಾತ್ತಾಪ ವಿಚಾರ

(ಶ್ರೀಮಠದ ಮಹೋತ್ಸವ ಪ್ರಸಂಗದಲ್ಲಿ ರಾಂಪುರದಲ್ಲಿ ನಡೆದ ಉಪನ್ಯಾಸ)



ವೀರಶೈವ ಮಠದ ಉತ್ಸವದಲ್ಲಿ ಇಸ್ಲಾಂ ಮತದ ವಿಚಾರವೇಕೆ ಎಂಬ ಶಂಕೆಯು ಕೆಲವರ ಮನಸ್ಸಿನಲ್ಲಿ ಏಳುವುದು ಸಹಜವೇ. ಅದಕ್ಕೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಕನ್ನಡನಾಡಿನ ಊರುಗಳ ನಡುಬೀದಿಯಲ್ಲಿಯೇ ಅದು ದೊರೆಯುತ್ತದೆ. ಮೊಹರಂ ಮಾಸದಲ್ಲಿ ಅಲಾವಿಯ ಗುಂಡಿಯನ್ನು ತೋಡುವಾಗಲೂ, ಪಂಜಾಗಳನ್ನು ನಿಲ್ಲಿಸುವಾಗಲೂ, ಸಕ್ಕರೆ ಓದಿಸುವಾಗಲೂ ಅಲ್ಲಿ ಮುಸಲ್ಮಾನರು ಮಾತ್ರವೇ ಇರುವುದಿಲ್ಲ. ಹಣೆಯಲ್ಲಿ ವಿಭೂತಿಯುಳ್ಳವರೂ ಹರಕೆ ಹೊತ್ತು ಫಕೀರರಾಗುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿಯೂ ಈ ಹಬ್ಬವು ನಡೆಯುವುದುಂಟು. ಬಳ್ಳಾರಿ ರಾಯದುರ್ಗಗಳ ಕಡೆಯ ಆಡುಮಾತಿನಲ್ಲಿ ಇದಕ್ಕೆ ಪೀರಲ ಹಬ್ಬವೆಂದು ಹೆಸರು.

ಹೀಗೆ ಹಬ್ಬವನ್ನು ಆಚರಿಸುವವರಿಗೆ ಹಸನ್ ಹುಸೇನರ ಹೆಸರು ಗೊತ್ತು. ಕರ್ಬಲಾದ ಬಯಲಿನಲ್ಲಿ ನೀರಿಲ್ಲದೆ ಬಳಲಿದ ಮಕ್ಕಳ ಕಥೆಯನ್ನು ಅವರು ಹಾಡಿನಲ್ಲಿ ಕೇಳಿದ್ದಾರೆ. ಆದರೆ ಆ ಮಕ್ಕಳನ್ನು ಆ ಬಯಲಿಗೆ ತಂದು ನಿಲ್ಲಿಸಿದ ಸರದಾರನೊಬ್ಬನು ಕಡೆಯ ಗಳಿಗೆಯಲ್ಲಿ ಏನು ಮಾಡಿದನೆಂಬುದು ಬಹುಮಂದಿಗೆ ತಿಳಿಯದು. ಆತನ ಹೆಸರು ಹುರ್. ಆತನ ಕಥೆಯೇ ಈ ಉಪನ್ಯಾಸದ ತಿರುಳು. ಆದರೆ ಆ ಕಥೆಯ ಬೆಲೆ ತಿಳಿಯಬೇಕಾದರೆ, ಅದು ಯಾವ ವ್ಯಾಧಿಗೆ ಔಷಧವೆಂಬುದನ್ನು ಮೊದಲು ನೋಡತಕ್ಕದ್ದು.

ಪಾಪ ಮಾಡಿದವನ ಸ್ಥಿತಿಗಿಂತಲೂ ಪಾಪ ಮಾಡಿ ಎದೆಗೆಟ್ಟವನ ಸ್ಥಿತಿಯು ಕಷ್ಟತರವಾದದ್ದು. ತಮ್ಮನ ಪಾಲಿನ ಹೊಲವನ್ನು ವಂಚನೆಯಿಂದ ಬರೆಯಿಸಿಕೊಂಡವನು, ಕುಡಿತದ ಭರದಲ್ಲಿ ಹೆಂಡತಿಯ ತಾಳಿಯನ್ನು ಅಡವಿಟ್ಟವನು, ತಾಯಿ ಸಾಯುವಾಗ ಕರೆ ಬಂದರೂ ಹಟದಿಂದ ಹೋಗದೆ ಉಳಿದವನು, ಇಂಥವರು ಯಾವ ಊರಿನಲ್ಲಿ ಇಲ್ಲ? ಇವರ ನಡತೆಯನ್ನು ಗಮನಿಸಿದವರಿಗೆ ಗೊತ್ತು: ಮೊದಲು ಸೋಮವಾರದ ಪೂಜೆಗೆ ಬರುವುದು ನಿಲ್ಲುತ್ತದೆ. ಜಾತ್ರೆಗೆ ಬಂದರೂ ತೇರಿನ ಹಿಂದೆ ನಿಂತು ಹಾಗೆಯೇ ಹೊರಟುಹೋಗುತ್ತಾರೆ. ಪಾದೋದಕಕ್ಕೆ ಕೈಯೊಡ್ಡಲು ಅಂಜುತ್ತಾರೆ. ಕಡೆಗೆ ಕೊರಳಿನ ಲಿಂಗವು ಗೋಡೆಯ ಗೂಡನ್ನು ಸೇರುತ್ತದೆ. ಏಕೆಂದು ಕೇಳಿದರೆ, ಯಾವ ಮುಖ ಹೊತ್ತುಕೊಂಡು ಬರಲಿ ಎಂಬ ಒಂದೇ ಮಾತು. ಕೇಳಿದವರು ಇದನ್ನು ವಿನಯವೆಂದು ತಿಳಿದು ಸುಮ್ಮನಾಗುತ್ತಾರೆ. ಇಸ್ಲಾಂ ಮತದ ಜ್ಞಾನಿಗಳಾದರೋ ಇದನ್ನು ವಿನಯವೆಂದು ಒಪ್ಪುವುದಿಲ್ಲ. ದೇವರ ದಯೆಯು ತನ್ನ ಪಾಪವನ್ನು ಮುಟ್ಟಲಾರದೆಂದು ಬಗೆಯುವವನು ತನ್ನ ಪಾಪವನ್ನೇ ದೇವರಿಗಿಂತ ದೊಡ್ಡದು ಮಾಡಿದಂತಾಯಿತು. ಆದಕಾರಣ ನಿರಾಶೆಯೇ ಮೊದಲಿನ ತಪ್ಪಿಗಿಂತ ಹೆಚ್ಚಿನ ತಪ್ಪು ಎಂಬುದು ಅವರ ಸಿದ್ಧಾಂತ.

ತಪ್ಪಿದವನು ತಿದ್ದಿಕೊಳ್ಳುವ ವಿಚಾರವು ರಾಂಪುರದ ಸೀಮೆಗೆ ಹೊಸದಲ್ಲ. ಇಲ್ಲಿಂದ ಕೆಲವೇ ಮೈಲಿಗಳ ದೂರದ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯು ಕೊರೆಯಿಸಿದ ಶಾಸನಗಳನ್ನು ರೈಸ್ ಸಾಹೇಬರು 1892ರಲ್ಲಿ ಬೆಳಕಿಗೆ ತಂದರು. ಅದರಲ್ಲಿ ಚಕ್ರವರ್ತಿಯು, ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ ಆರಂಭದಲ್ಲಿ ತಕ್ಕಷ್ಟು ಸಾಧನೆ ಮಾಡಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದಾನೆ. ಶ್ರಮಿಸಿದರೆ ದೊಡ್ಡವನಂತೆ ಚಿಕ್ಕವನೂ ಮೇಲಾದ ಗತಿಯನ್ನು ಪಡೆಯಬಲ್ಲನೆಂದೂ ಹೇಳಿಸಿದ್ದಾನೆ. ಕಳಿಂಗ ಯುದ್ಧದಲ್ಲಿ ಲಕ್ಷ ಜನರು ಹತರಾದುದಕ್ಕೆ ಆತನು ಪಟ್ಟ ಸಂತಾಪವು ಎರ್ರಗುಡಿಯ ಬಂಡೆಯ ಮೇಲಿನ ಶಾಸನದಲ್ಲಿದೆ. ದನ ಕಾಯುವ ಹುಡುಗರು ದಿನವೂ ನೋಡುವ ಬೆಟ್ಟದ ಮೇಲೆ ಇಂಥ ಮಾತು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಇದೆಯೆಂಬುದು ಸಣ್ಣ ಸಂಗತಿಯಲ್ಲ. ಬೌದ್ಧನಾದ ರಾಜನು ಬಂಡೆಯ ಮೇಲೆ ಬರೆಯಿಸಿದ್ದನ್ನು ಇಸ್ಲಾಂ ಮತವು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದೆ. ಆ ಶಾಸ್ತ್ರಕ್ಕೆ ತೌಬಾ ಎಂದು ಹೆಸರು.

ತೌಬಾ ಎಂಬುದು ಕನ್ನಡಿಗರ ಕಿವಿಗೆ ಹೊಸ ಶಬ್ದವಲ್ಲ. ಬೇಡದ್ದನ್ನು ಕಂಡಾಗ ಕೆನ್ನೆ ಬಡಿದುಕೊಂಡು ತೋಬಾ ತೋಬಾ ಎನ್ನುವ ರೂಢಿ ಇದೆಯಷ್ಟೆ. ಮಹತ್ತಾದ ಶಬ್ದವು ಸಂತೆಯ ಮಾತಾಗಿ ಸವೆದುಹೋದದ್ದಕ್ಕೆ ಇದೊಂದು ಉದಾಹರಣೆ. ಅರಬೀ ಭಾಷೆಯಲ್ಲಿ ಇದರ ಮೂಲಾರ್ಥವು ಹಿಂದಿರುಗುವುದು, ಮರಳಿ ಬರುವುದು ಎಂದು. ಅಳುವುದೆಂದಾಗಲಿ ದಂಡ ತೆರುವುದೆಂದಾಗಲಿ ಅರ್ಥವಲ್ಲ. ಇನ್ನೂ ವಿಶೇಷವೇನೆಂದರೆ, ಇದೇ ಧಾತುವಿನಿಂದ ಹುಟ್ಟಿದ ತವ್ವಾಬ್ ಎಂಬುದು ದೇವರ ನಾಮಗಳಲ್ಲಿ ಒಂದು. ಮನುಷ್ಯನು ದೇವರ ಕಡೆಗೆ ತಿರುಗಿದರೆ ದೇವರೂ ಮನುಷ್ಯನ ಕಡೆಗೆ ತಿರುಗುವನೆಂದು ಇದರ ಭಾವ. ಕುರಾನಿನ 114 ಅಧ್ಯಾಯಗಳಲ್ಲಿ ಒಂದನ್ನುಳಿದು ಮಿಕ್ಕೆಲ್ಲವೂ ದಯಾಮಯನಾದ ದೇವರ ನಾಮಸ್ಮರಣೆಯಿಂದ ಆರಂಭವಾಗುತ್ತವೆ. ಹಾಗೆ ಆರಂಭವಾಗದ ಒಂಬತ್ತನೆಯ ಅಧ್ಯಾಯದ ಹೆಸರೇ ತೌಬಾ ಎಂಬುದೊಂದು ಚೋದ್ಯ. ಮೂವತ್ತೊಂಬತ್ತನೆಯ ಅಧ್ಯಾಯದಲ್ಲಿಯಾದರೋ, ತಮ್ಮ ಆತ್ಮಗಳಿಗೆ ಕೇಡು ಮಾಡಿಕೊಂಡವರನ್ನೇ ಸಂಬೋಧಿಸಿ, ದೇವರ ದಯೆಯಲ್ಲಿ ನಿರಾಶರಾಗಕೂಡದೆಂಬ ವಿಧಿಯಿದೆ. ಆಶೆಯು ಅಲ್ಲಿ ಸಮಾಧಾನದ ಮಾತಾಗಿ ನಿಲ್ಲದೆ ಆಜ್ಞೆಯಾಗಿದೆ.

ಆದಿಮಾನವನಾದ ಆದಮನ ಕಥೆಯಲ್ಲಿಯೂ ಇದೇ ಅಭಿಪ್ರಾಯವು ತೋರುತ್ತದೆ. ಆದಮನೂ ತಪ್ಪಿದನು, ಇಬ್ಲೀಸನೂ ತಪ್ಪಿದನು. ಇಬ್ಲೀಸನು ತಾನು ಬೆಂಕಿಯಿಂದ ಹುಟ್ಟಿದವನೆಂದೂ ಮಣ್ಣಿನಿಂದಾದವನಿಗೆ ಮಣಿಯೆನೆಂದೂ ವಾದಕ್ಕೆ ನಿಂತನು. ಆದಮನೂ ಆತನ ಸತಿಯೂ ತಮಗೆ ತಾವೇ ಅನ್ಯಾಯ ಮಾಡಿಕೊಂಡೆವೆಂದು ಒಪ್ಪಿ ಕ್ಷಮೆಯನ್ನು ಬೇಡಿದರು, ದೊರೆಯಿತು. ತಂದೆಯ ಆ ಪಾಪವು ಮಕ್ಕಳ ತಲೆಯ ಮೇಲೆ ಹರಿದುಬರುವುದೆಂದು ಇಸ್ಲಾಂ ಮತವು ಹೇಳುವುದಿಲ್ಲ. ಪಾಪವೆಂಬುದು ತನಗೆ ತಾನೇ ಮಾಡಿಕೊಂಡ ಅನ್ಯಾಯವಾದ ಮೇಲೆ, ಪಶ್ಚಾತ್ತಾಪದ ಹೆಸರಿನಲ್ಲಿ ತನ್ನನ್ನು ತಾನೇ ಜನ್ಮಪರ್ಯಂತ ಹಿಂಸಿಸಿಕೊಳ್ಳುವುದು ಆ ಅನ್ಯಾಯವನ್ನೇ ಮುಂದುವರಿಸಿದಂತಲ್ಲವೆ?

ಹಾಗಾದರೆ ತಪ್ಪು ಮಾಡಿದವನು ಬಾಯಲ್ಲಿ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳಬಹುದೆ ಎಂದರೆ, ಅದೂ ಇಲ್ಲ. ಇಮಾಮ್ ಗಜಾಲಿ (1058–1111) ಎಂಬ ಮಹಾಪಂಡಿತರು ತಮ್ಮ ನಲವತ್ತು ಪ್ರಕರಣಗಳ ಗ್ರಂಥದಲ್ಲಿ ಒಂದು ಪೂರ್ಣ ಪ್ರಕರಣವನ್ನೇ ತೌಬಾಕ್ಕೆ ಮೀಸಲಿಟ್ಟಿದ್ದಾರೆ. ಮಾಡಿದ್ದಕ್ಕೆ ಮನಸ್ಸು ನೋಯಬೇಕು. ಮಾಡುತ್ತಿರುವುದನ್ನು ಆ ಕ್ಷಣದಲ್ಲಿಯೇ ಬಿಡಬೇಕು. ಇನ್ನು ಮಾಡೆನೆಂಬ ನಿಶ್ಚಯವಿರಬೇಕು. ಇಷ್ಟು ದೇವರ ವಿಷಯದ ತಪ್ಪುಗಳಿಗೆ ಸಾಕು. ಮತ್ತೊಬ್ಬ ಮನುಷ್ಯನ ಹಕ್ಕು ಅದರಲ್ಲಿ ಸೇರಿದ್ದರೆ ಆ ಹಕ್ಕು ಅವನಿಗೆ ಹಿಂದಕ್ಕೆ ಮುಟ್ಟಬೇಕು, ಇಲ್ಲವೆ ಅವನೇ ಮನಃಪೂರ್ವಕವಾಗಿ ಬಿಟ್ಟುಕೊಡಬೇಕು. ತಮ್ಮನ ಹೊಲವು ತಮ್ಮನಿಗೆ ಹೋಗದೆ ಮಸೀದಿಯಲ್ಲಿ ಅತ್ತರೂ ಫಲವಿಲ್ಲ, ಮಠದಲ್ಲಿ ದಾಸೋಹ ಮಾಡಿಸಿದರೂ ಫಲವಿಲ್ಲ. ಈ ಮಾತನ್ನು ಉತ್ಸವದ ದಿವಸ ಹೇಳುವುದು ಸ್ವಲ್ಪ ಕಠಿಣವಾಗಿ ಕೇಳಿಸಬಹುದು. ಆದರೂ ಹೇಳತಕ್ಕ ಮಾತು. ಇದರ ಜೊತೆಗೆ ಮತ್ತೊಂದು ಮೃದುವಾದ ನಿಯಮವಿದೆ. ದೇವರು ಮುಚ್ಚಿಟ್ಟ ತಪ್ಪನ್ನು ಮನುಷ್ಯನು ಊರ ಚಾವಡಿಯಲ್ಲಿ ಬಿಚ್ಚಿಡಬೇಕಾಗಿಲ್ಲ. ಅನ್ಯಾಯಕ್ಕೆ ಒಳಗಾದವನ ಮುಂದೆ ತಲೆ ಬಾಗಿದರೆ ಸಾಕು.

ಕನ್ನಡ ನೆಲದಲ್ಲಿಯೇ ಈ ವಿಚಾರವನ್ನು ಬೋಧಿಸಿದವರಲ್ಲಿ ಕಲಬುರಗಿಯ ಖಾಜಾ ಬಂದೇನವಾಜರು ಹಿರಿಯರು. ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ದೆಹಲಿಯನ್ನು ಬಿಟ್ಟು, ಬಹಮನಿ ಸುಲ್ತಾನ್ ಫಿರೋಜ್ ಶಹನ ಕಾಲದಲ್ಲಿ ಕಲಬುರಗಿಗೆ ಬಂದು ನೆಲಸಿ, 1422ರಲ್ಲಿ ಅಲ್ಲಿಯೇ ದೇಹವಿಟ್ಟ ಮಹನೀಯರವರು. ಅವರ ಚಿಶ್ತಿ ಪರಂಪರೆಯಲ್ಲಿ ಶಿಷ್ಯನಾಗಬಯಸುವವನು ಗುರುವಿನ ಕೈಯಲ್ಲಿ ಕೈಯಿಟ್ಟು ಮೊದಲು ತೌಬಾ ಮಾಡತಕ್ಕದ್ದು. ಮಿಕ್ಕ ಜಪ ಧ್ಯಾನಗಳೆಲ್ಲ ಅದರ ತರುವಾಯ. ಭಯವೂ ಆಶೆಯೂ ಹಕ್ಕಿಯ ಎರಡು ರೆಕ್ಕೆಗಳಂತೆ ಸಮನಾಗಿರಬೇಕೆಂದು ಸೂಫಿಗಳ ಉಪದೇಶ.

ತಪ್ಪಿದವನನ್ನು ಎದುರುಗೊಳ್ಳುವವರಿಗೂ ಒಂದು ಪಾಠವಿದೆ. ಪೈಗಂಬರರು ಹೇಳಿದರೆಂದು ಹದೀಸಿನಲ್ಲಿ ಬರುವ ಕಥೆಯಿದು. ತೊಂಬತ್ತೊಂಬತ್ತು ಜನರನ್ನು ಕೊಂದ ಒಬ್ಬನು ಕಡೆಗೆ ಮನಸ್ಸು ತಿರುಗಿ, ತನಗೆ ತೌಬಾ ಉಂಟೇ ಎಂದು ಒಬ್ಬ ವಿರಕ್ತನನ್ನು ಕೇಳಿದನು. ವಿರಕ್ತನು ಇಲ್ಲವೆಂದನು. ಕೇಳಿದವನು ಆತನನ್ನೂ ಕೊಂದು ನೂರು ತುಂಬಿಸಿದನು. ಮತ್ತೆ ಒಬ್ಬ ಜ್ಞಾನಿಯನ್ನು ಕೇಳಲು, ನಿನಗೂ ತೌಬಾಕ್ಕೂ ಅಡ್ಡ ನಿಲ್ಲುವವರು ಯಾರೆಂದು ಆ ಜ್ಞಾನಿಯು ಮರುಪ್ರಶ್ನೆ ಮಾಡಿ, ಕೆಟ್ಟ ಸಹವಾಸದ ಊರನ್ನು ಬಿಟ್ಟು ಸಜ್ಜನರ ಊರಿಗೆ ಹೋಗೆಂದು ದಾರಿ ತೋರಿದನು. ಅವನು ನಡುದಾರಿಯಲ್ಲಿಯೇ ಸತ್ತನು. ದಯೆಯ ದೇವದೂತರೂ ದಂಡನೆಯ ದೇವದೂತರೂ ಅವನಿಗಾಗಿ ವಾದಿಸಿ, ಎರಡು ಊರುಗಳಿಗೂ ದೂರವನ್ನು ಅಳೆದರು. ಸಜ್ಜನರ ಊರು ಒಂದು ಗೇಣಿನಷ್ಟು ಹತ್ತಿರವಾಯಿತು. ಅಷ್ಟರಿಂದಲೇ ಅವನು ದಯೆಗೆ ಪಾತ್ರನಾದನು. ನೂರನೆಯ ಕೊಲೆಯು ಹೇಗಾಯಿತೆಂಬುದನ್ನು ಕಾವಿಯುಟ್ಟವರೂ ಶಾಸ್ತ್ರ ಓದಿದವರೂ ವಿಶೇಷವಾಗಿ ಯೋಚಿಸಬೇಕು. ಬಾಗಿಲಿಗೆ ಬಂದವನಿಗೆ ಬಾಗಿಲಿಲ್ಲವೆಂದ ಒಂದು ಮಾತು ಅದಕ್ಕೆ ಕಾರಣವಾಯಿತು. ಕೊಂದವನ ಹೊಣೆಯೇನೂ ಅದರಿಂದ ಕಡಮೆಯಾಗಲಿಲ್ಲವೆಂಬುದೂ ನಿಜ.

ಇನ್ನು ಹುರ್‍ನ ಕಥೆ. ಕೂಫಾ ಪಟ್ಟಣದ ಜನರು ಪತ್ರಗಳ ಮೇಲೆ ಪತ್ರಗಳನ್ನು ಬರೆದು ಹುಸೇನರನ್ನು ತಮ್ಮಲ್ಲಿಗೆ ಕರೆದಿದ್ದರು. ಹುಸೇನರು ಮಕ್ಕಳು ಮರಿಗಳೊಡನೆ ಮಕ್ಕಾದಿಂದ ಹೊರಟರು. ಯಜೀದನ ಅಧಿಕಾರಿಯಾದ ಇಬ್ನ್ ಜಿಯಾದನು ಅವರನ್ನು ತಡೆಯುವುದಕ್ಕಾಗಿ ಸಾವಿರ ಕುದುರೆ ಸವಾರರನ್ನು ಕೂಡಿಸಿ ಕಳುಹಿಸಿದ ಸರದಾರನೇ ಹುರ್. ಮರುಭೂಮಿಯ ನಡುಹಗಲಿನಲ್ಲಿ ಆ ದಂಡು ಹುಸೇನರನ್ನು ಎದುರುಗೊಂಡಾಗ ಸವಾರರೂ ಕುದುರೆಗಳೂ ಬಾಯಾರಿ ಬಳಲಿದ್ದರು. ತಮ್ಮನ್ನು ಹಿಡಿಯಲು ಬಂದವರೆಂದು ಗೊತ್ತಿದ್ದೂ ಹುಸೇನರು ತಮ್ಮ ಚರ್ಮದ ಚೀಲಗಳನ್ನು ಬಿಚ್ಚಿಸಿ ಎಲ್ಲರಿಗೂ ನೀರು ಕೊಡಿಸಿದರು, ಕುದುರೆಗಳಿಗೂ ಕುಡಿಸಿದರು. ಹಿಂದೆಬಿದ್ದು ಕಡೆಯಲ್ಲಿ ಬಂದ ಒಬ್ಬ ಸಿಪಾಯಿಯು ಕೈನಡುಗಿ ನೀರನ್ನು ಚೆಲ್ಲುತ್ತಿರಲು, ಹುಸೇನರು ತಾವೇ ಎದ್ದು ಹೋಗಿ ಚೀಲದ ಬಾಯನ್ನು ಮಡಿಸಿಕೊಟ್ಟು ಕುಡಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ಆ ದಿನ ಎರಡು ದಂಡುಗಳೂ ಹುಸೇನರ ಹಿಂದೆ ನಿಂತು ಒಟ್ಟಾಗಿ ನಮಾಜು ಮಾಡಿದವು.

ಹುರ್ ಕ್ರೂರಿಯಾಗಿರಲಿಲ್ಲ. ಗೌರವದಿಂದಲೇ ಮಾತನಾಡಿದನು. ಆದರೆ ಅಪ್ಪಣೆಯೆಂದರೆ ಅಪ್ಪಣೆ ಎಂಬ ಜಾತಿಯ ಮನುಷ್ಯ. ಹುಸೇನರು ಹಿಂದಕ್ಕೆ ಹೋಗುವೆನೆಂದರೂ ಬಿಡಲಿಲ್ಲ. ಬಗಲಿನಲ್ಲಿಯೇ ನಡೆಯುತ್ತಾ ಬಂದನು. ನೀರೂ ಮರೆಯೂ ಇಲ್ಲದ ಬಯಲಿನಲ್ಲಿ ಅವರನ್ನು ಇಳಿಸಬೇಕೆಂದು ಕಾಗದ ಬಂದಾಗ ಹಾಗೆಯೇ ಇಳಿಸಿದನು. ಆ ಬಯಲೇ ಕರ್ಬಲಾ. ಮರುದಿನ ನಾಲ್ಕು ಸಾವಿರ ಜನರ ಸೇನೆಯು ಬಂದು ಸೇರಿತು. ಏಳನೆಯ ದಿನದಿಂದ ನದಿಯ ದಾರಿಯನ್ನು ಕಟ್ಟಿದರು. ತನ್ನ ಕುದುರೆಗೆ ನೀರು ಕುಡಿಸಿದವರ ಮಕ್ಕಳು ನೀರಿಗಾಗಿ ಅಳುವುದು ಹುರ್‍ನ ಕಿವಿಗೆ ಬೀಳದಿರುವಷ್ಟು ದೂರವೇನೂ ಇರಲಿಲ್ಲ.

ಕ್ರಿಸ್ತಶಕ 680ನೆಯ ಅಕ್ಟೋಬರ್ 10, ಮೊಹರಂ ತಿಂಗಳ ಹತ್ತನೆಯ ದಿನ. ಬೆಳಿಗ್ಗೆ ಹುರ್ ತನ್ನ ಸೇನಾಪತಿಯ ಬಳಿಗೆ ಹೋಗಿ, ನಿಜವಾಗಿಯೂ ಈ ಪುರುಷನೊಡನೆ ಯುದ್ಧ ಮಾಡುವೆಯಾ ಎಂದು ಕೇಳಿದನು. ತಲೆಗಳು ಉರುಳುವಂಥ ಯುದ್ಧವೇ ಎಂದು ಉತ್ತರ ಬಂತು. ಅಲ್ಲಿಯವರೆಗೆ ಮಾತು ಇಲ್ಲಿಗೆ ಮುಟ್ಟಲಾರದೆಂದು ಆತನು ನಂಬಿದ್ದನು. ಕುದುರೆಗೆ ನೀರು ಕುಡಿಸುವವನಂತೆ ಮೆಲ್ಲಮೆಲ್ಲನೆ ದಂಡಿನ ಅಂಚಿಗೆ ಸರಿದನು. ಮೈಯೆಲ್ಲ ನಡುಗುತ್ತಿತ್ತು. ಕೂಫಾದಲ್ಲಿ ವೀರನಾರೆಂದು ಕೇಳಿದರೆ ನಿನ್ನ ಹೆಸರನ್ನೇ ಹೇಳುತ್ತಿದ್ದೆ, ನಿನಗೇನಾಯಿತೆಂದು ಜೊತೆಯವನು ಕೇಳಲು, ಸ್ವರ್ಗ ನರಕಗಳ ನಡುವೆ ಆರಿಸಿಕೊಳ್ಳುತ್ತಿರುವೆನೆಂದು ಹೇಳಿ ಕುದುರೆಯನ್ನು ಹುಸೇನರ ಕಡೆಗೆ ಹೊಡೆದನು. ಅವರೆದುರಿಗೆ ನಿಂತು, ಹಿಂದಿರುಗದಂತೆ ತಡೆದವನು ತಾನೇ, ಈ ಬಯಲಿನಲ್ಲಿ ಇಳಿಸಿದವನು ತಾನೇ ಎಂದು ಒಂದನ್ನೂ ಮುಚ್ಚದೆ ಹೇಳಿ, ತನಗೆ ತೌಬಾ ಉಂಟೇ ಎಂದು ಕೇಳಿದನು. ಉಂಟೆಂದರು ಹುಸೇನರು. ಆತನ ಹೆಸರನ್ನು ಕೇಳಿದರು. ಹುರ್ ಎಂದರೆ ಅರಬೀ ಭಾಷೆಯಲ್ಲಿ ಯಾರಿಗೂ ದಾಸನಲ್ಲದವನು, ಸ್ವತಂತ್ರನು ಎಂದರ್ಥ. ತಾಯಿ ಇಟ್ಟ ಹೆಸರಿಗೆ ತಕ್ಕಂತೆ ಆತನು ಇಹಪರಗಳಲ್ಲಿ ಸ್ವತಂತ್ರನೇ ಸರಿಯೆಂದು ಅವರು ಹರಸಿದರು.

ಈ ಪ್ರಸಂಗದಲ್ಲಿ ವಿಚಾರಿಸಬೇಕಾದ ಸೂಕ್ಷ್ಮವೊಂದಿದೆ. ಹುರ್‍ನ ತೌಬಾದಿಂದ ಆ ದಿನ ನಡೆಯಬೇಕಾದದ್ದು ಒಂದೂ ತಪ್ಪಲಿಲ್ಲ. ನದಿಯ ದಾರಿ ತೆರೆಯಲಿಲ್ಲ. ಮಧ್ಯಾಹ್ನ ಕಳೆಯುವುದರೊಳಗೆ ಹುಸೇನರೂ ಅವರ ಕಡೆಯವರೂ ಮಡಿದರು. ತಾನು ಮಾಡಿದ್ದನ್ನು ತಾನು ಅಳಿಸಲಾರೆನೆಂಬುದು ಹುರ್‍ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಂದನು. ಮತ್ತು, ಕ್ಷಮೆಯ ಮಾತು ಕಿವಿಗೆ ಬಿದ್ದ ಮೇಲೆ ಎರಡನೆಯ ಸಲ ಕೇಳಲಿಲ್ಲ. ತಾನು ಅದಕ್ಕೆ ಯೋಗ್ಯನಲ್ಲವೆಂದು ಗೋಳಾಡುತ್ತಾ ಅಲ್ಲಿ ಕೂಡಲಿಲ್ಲ. ಉಳಿದಿದ್ದ ಕೆಲವು ಗಳಿಗೆಗಳಲ್ಲಿ ತನ್ನ ಹಳೆಯ ದಂಡಿನ ಕಡೆಗೆ ತಿರುಗಿ, ಕರೆದವರೇ ಕೊಲ್ಲುವುದು ಯಾವ ಧರ್ಮವೆಂದು ಕೂಗಿ ಹೇಳಿದನು. ಬಳಿಕ ಹೋರಾಡಿ ಮಡಿದನು. ತನ್ನನ್ನು ತಾನು ಕ್ಷಮಿಸಿಕೊಳ್ಳುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಆತನು ತನಗೆ ತಾನೇ ಕ್ಷಮೆಯನ್ನು ಕೊಟ್ಟುಕೊಳ್ಳಲಿಲ್ಲ. ಅನ್ಯಾಯಕ್ಕೆ ಒಳಗಾದವರಲ್ಲಿ ಬೇಡಿದನು. ಅವರು ಕೊಟ್ಟಾಗ ಮಾತ್ರ ಬೇಡವೆನ್ನದೆ ತೆಗೆದುಕೊಂಡನು.

ಪತ್ರ ಬರೆದು ಕರೆದಿದ್ದ ಕೂಫಾದ ಜನರ ಗತಿ ಬೇರೆಯಾಯಿತು. ಅಂಜಿ ಮನೆಗಳಲ್ಲಿ ಅಡಗಿದ್ದವರು ಹುಸೇನರ ಮರಣದ ಸುದ್ದಿ ಕೇಳಿ ನಾಲ್ಕು ವರ್ಷ ಒಳಗೊಳಗೇ ಬೆಂದರು. ಸುಲೈಮಾನ್ ಇಬ್ನ್ ಸುರದ್ ಎಂಬ ವೃದ್ಧರ ನಾಯಕತ್ವದಲ್ಲಿ ತವ್ವಾಬೂನ್, ಅಂದರೆ ಪಶ್ಚಾತ್ತಾಪಿಗಳು, ಎಂಬ ಹೆಸರಿನಿಂದ ಒಂದುಗೂಡಿದರು. ಹದಿನಾರು ಸಾವಿರ ಜನರು ಹೆಸರು ಕೊಟ್ಟಿದ್ದರೂ ಬಂದವರು ನಾಲ್ಕು ಸಾವಿರ. ಹುಸೇನರ ಗೋರಿಯ ಬಳಿ ಹಗಲೂ ರಾತ್ರಿಯೂ ಅತ್ತು, ಅಲ್ಲಿಂದ ಮುಂದೆ ಹೋಗಿ, 685ನೆಯ ಜನವರಿಯಲ್ಲಿ ಐನುಲ್ ವರ್ದಾ ಎಂಬಲ್ಲಿ ತಮಗಿಂತ ಬಹುದೊಡ್ಡ ಸೇನೆಯ ಮೇಲೆ ಬಿದ್ದು ಬಹುತೇಕ ಎಲ್ಲರೂ ಸತ್ತರು. ಅವರ ಶೌರ್ಯವನ್ನಾಗಲಿ ದುಃಖವನ್ನಾಗಲಿ ಹಗುರವಾಗಿ ಕಾಣಕೂಡದು. ಮುಸಲ್ಮಾನರಲ್ಲಿ ಅನೇಕರು ಅವರನ್ನು ಗೌರವದಿಂದ ನೆನೆಯುತ್ತಾರೆ. ಆದರೂ ಕ್ಷಮೆ ಕೇಳಬೇಕಾದವರು ಇಲ್ಲವಾದ ಮೇಲೆ ಸಾವೊಂದೇ ದಾರಿಯೆಂದು ಅವರು ಬಗೆದುದು ಶೋಚನೀಯವೇ ಸರಿ. ತನ್ನ ಪ್ರಾಣವನ್ನು ತಾನು ಕಳೆದುಕೊಳ್ಳುವುದನ್ನು ಕುರಾನು ನಿಷೇಧಿಸುತ್ತದೆ. ಅನ್ಯಾಯಕ್ಕೆ ಒಳಗಾದವನು ಸತ್ತಿದ್ದರೆ ಅವನ ವಾರಸುದಾರರಿಗೆ ಸಲ್ಲಿಸಬೇಕು, ಅವನ ಪರವಾಗಿ ಪ್ರಾರ್ಥಿಸಬೇಕು, ಸತ್ಕಾರ್ಯಗಳನ್ನು ಹೆಚ್ಚಿಸಬೇಕು ಎಂದು ಶಾಸ್ತ್ರಕಾರರು ದಾರಿ ತೋರಿಸಿದ್ದಾರೆ; ಅವೆಲ್ಲವೂ ಬದುಕಿದ್ದು ಮಾಡತಕ್ಕ ಕಾರ್ಯಗಳು. ಮಾನ ಹೋಯಿತೆಂದು ಕೆರೆ ಬಾವಿಯ ಪಾಲಾಗುವವರು ಯಾವ ಮತದವರಾದರೂ ಈ ವಾಕ್ಯವು ಅವರ ಕಿವಿಗೆ ಮೊದಲೇ ಬಿದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ವೀರಶೈವರಿಗೆ ಇದರಲ್ಲಿ ಅಪರಿಚಿತವಾದದ್ದು ಯಾವುದು? ದೀಕ್ಷೆಯಾದ ಭಕ್ತನಿಗೆ ಪೂರ್ವಾಶ್ರಯವಿಲ್ಲ. ಅದನ್ನು ಎತ್ತಿ ಆಡುವವನೇ ದೋಷಿಯೆಂದು ಹಿರಿಯರು ವಿಧಿಸಿದ್ದಾರೆ. ಪಾಪದಿಂದ ಮರಳಿದವನು ಪಾಪವನ್ನೇ ಮಾಡದವನಿಗೆ ಸಮಾನನೆಂದು ಹದೀಸಿನ ಮಾತು. ಕನ್ನ ಕೊರೆಯುತ್ತಿದ್ದ ಮಾರಿತಂದೆಯು ಕಲ್ಯಾಣದ ಶರಣರ ಸಾಲಿನಲ್ಲಿ ಕುಳಿತನು. ಖುರಾಸಾನದ ದಾರಿಗಳಲ್ಲಿ ಸುಲಿಗೆ ಮಾಡುತ್ತಿದ್ದ ಫುಜೈಲನು ಒಂದು ರಾತ್ರಿ ಕುರಾನಿನ ಪಠಣ ಕಿವಿಗೆ ಬಿದ್ದು ಮನಸ್ಸು ತಿರುಗಿ, ತಾನು ದೋಚಿದವರನ್ನು ಹುಡುಕಿಕೊಂಡು ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಿದನೆಂದೂ, ಮಕ್ಕಾದಲ್ಲಿ 803ರಲ್ಲಿ ಕಾಲವಾಗುವ ಹೊತ್ತಿಗೆ ಮಹಾಸಂತನೆನಿಸಿದ್ದನೆಂದೂ ಸೂಫಿಗಳು ಬರೆದಿದ್ದಾರೆ. ಶಿಶುನಾಳದ ಶರೀಫ ಸಾಹೇಬರು (1819–1889) ಗೋವಿಂದಭಟ್ಟರ ಶಿಷ್ಯರಾದಾಗ ಯಾವ ಮತವನ್ನೂ ಬಿಡಬೇಕಾಗಿ ಬರಲಿಲ್ಲ. ಶಿರಹಟ್ಟಿಯಲ್ಲಿ ಮಠಕ್ಕೇ ಫಕೀರೇಶ್ವರನ ಹೆಸರಿದೆ. ಇವೆಲ್ಲವನ್ನು ಬಲ್ಲ ನಾಡಿನಲ್ಲಿ ತಪ್ಪಿದವನೊಬ್ಬನು ಮಠದ ಹೊರಬಾಗಿಲಿನಿಂದಲೇ ಹಿಂದಿರುಗಿದರೆ, ಅವನಿಗೆ ದಾರಿ ಹೇಳುವವರು ಸಿಕ್ಕಲಿಲ್ಲವೆಂದೇ ತಿಳಿಯಬೇಕು.

ಕರ್ಬಲಾದಲ್ಲಿ ಮಡಿದವರಲ್ಲಿ ಬಹುಮಂದಿಯ ದೇಹಗಳು ಒಂದೆಡೆಯಲ್ಲಿವೆ. ಹುರ್‍ನದು ಬೇರೆ. ಆತನ ಕುಲದ ಜನರು ದೇಹವನ್ನು ರಣರಂಗದಿಂದ ಎತ್ತಿಕೊಂಡು ಹೋಗಿ ಕೆಲವು ಮೈಲಿ ದೂರದಲ್ಲಿ ಸಮಾಧಿ ಮಾಡಿದರೆಂದು ಹೇಳುತ್ತಾರೆ. ಅದರ ಮೇಲೆ ಈಗ ಗುಮ್ಮಟವಿದೆ. ಹುಸೇನರ ದರ್ಶನಕ್ಕೆ ಹೋದ ಯಾತ್ರಿಕರು, ಹುಸೇನರ ದಾರಿಯನ್ನು ಕಟ್ಟಿದವನೆಂದು ಬಲ್ಲವರಾಗಿದ್ದರೂ, ಅಲ್ಲಿಗೂ ಹೋಗಿ, ಹಜ್ರತ್ ಹುರ್ ಎಂದು ಹೆಸರು ಹಿಡಿದು, ಸಲಾಮು ಸಲ್ಲಿಸಿ ಬರುತ್ತಾರೆ.